ನಂಬಿ ಇಟ್ಟ ಗಂಟು

ಪ್ರತಿಯೊಂದು ಶಾಲೆಯ ಕಚೇರಿಯಲ್ಲಿಯೂ ದಪ್ಪ ರಟ್ಟಿನ ಒಂದು ಪುಸ್ತಕವಿರುತ್ತದೆ. ಕಡತಗಳ ಭಾಷೆಯಲ್ಲಿ ಅದು ದಾಖಲಾತಿ ವಹಿ. ಬಾಯಿಮಾತಿನಲ್ಲಿ ಅಡ್ಮಿಷನ್ ರಿಜಿಸ್ಟರು. ನೀವು ಶಾಲೆಗೆ ಸೇರಿದ ದಿನ ನಿಮ್ಮ ಹೆಸರನ್ನು ಅದರಲ್ಲಿ ಬರೆದಿದ್ದಾರೆ. ಹೆಸರಷ್ಟೇ ಅಲ್ಲ, ಹುಟ್ಟಿದ ದಿನ, ತಂದೆತಾಯಿಯರ ಹೆಸರು, ಅವರ ಕಸುಬು, ಜಾತಿ, ಮನೆಯ ವಿಳಾಸ, ಹಿಂದೆ ಓದಿದ ಶಾಲೆ ಎಲ್ಲವೂ ಒಂದೇ ಸಾಲಿನಲ್ಲಿ ಅಡಕವಾಗಿವೆ. ಸಾಲು ಒಂದೇ ಆದರೂ ಒಂದು ಸಂಸಾರದ ಅರ್ಧ ಚರಿತ್ರೆ ಅದರಲ್ಲಿದೆ. ಆ ಪುಸ್ತಕವನ್ನು ಕಬ್ಬಿಣದ ಬೀರುವಿನಲ್ಲಿರಿಸಿ ಬೀಗ ಹಾಕುತ್ತಾರೆ. ಬೀಗದ ಕೈ ಮುಖ್ಯೋಪಾಧ್ಯಾಯರ ವಶದಲ್ಲಿರುತ್ತದೆ. ಅಂಥ ಒಂದು ಬೀಗದ ಕೈ ನನ್ನ ಜೇಬಿನಲ್ಲಿಯೂ ಹನ್ನೊಂದು ವರ್ಷಗಳ ಕಾಲ ಇತ್ತು.

ನಾನು ಮುಖ್ಯೋಪಾಧ್ಯಾಯನಾದ ಎರಡನೆಯ ವರ್ಷದ ಮಾತು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ನೋಡಿದರೆ ಗೌರವ ಹುಟ್ಟಿಸುವಂತಹ ಒಬ್ಬ ಅಪರಿಚಿತರು ಬಂದು ಕೈಮುಗಿದು ಕುಳಿತರು. ಪಟ್ಟಣದಲ್ಲಿ ಹೊಸದಾಗಿ ಆರಂಭವಾಗಲಿದ್ದ ಒಂದು ಕಾಲೇಜಿನ ಪರವಾಗಿ ಅವರು ಬಂದಿದ್ದರು. ಹತ್ತನೆಯ ತರಗತಿಯ ಮಕ್ಕಳ ಹೆಸರು, ತಂದೆಯ ಕಸುಬು, ವಿಳಾಸ, ಫೋನ್ ನಂಬರು ಇವಿಷ್ಟನ್ನು ಒಂದು ಪಟ್ಟಿಯಾಗಿ ಬರೆಸಿಕೊಟ್ಟರೆ ನಮ್ಮ ಗ್ರಂಥಾಲಯಕ್ಕೆ ಗಾಜಿನ ಬಾಗಿಲಿನ ಎರಡು ಬೀರುಗಳನ್ನು ಕಾಣಿಕೆಯಾಗಿ ಕೊಡುವುದಾಗಿ ಹೇಳಿದರು. ನಮ್ಮ ಗ್ರಂಥಾಲಯದ ಪುಸ್ತಕಗಳು ಆಗ ಗೋಣಿಚೀಲಗಳಲ್ಲಿದ್ದವು. ಗೆದ್ದಲು ಒಂದು ಚೀಲವನ್ನು ಆಗಲೇ ಮುಗಿಸಿತ್ತು. ನಾನು ಆಸೆಪಟ್ಟೆನೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಇದರಿಂದ ಯಾರ ಗಂಟು ಹೋಗುತ್ತದೆ, ವಿಳಾಸವೇನು ಗುಟ್ಟೆ, ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರಲ್ಲ ಎಂದು ಮನಸ್ಸು ತನಗೆ ಬೇಕಾದಂತೆ ವಾದ ಹೂಡಿತು. "ನಾಳೆ ಬನ್ನಿ" ಎಂದೆ.

ಅವರು ಹೋದ ಮೇಲೆ, ಮೂಲೆಯ ಮೇಜಿನಲ್ಲಿ ಸಂಬಳದ ಬಿಲ್ಲು ಬರೆಯುತ್ತಿದ್ದ ನಮ್ಮ ಗುಮಾಸ್ತರು ತಲೆಯೆತ್ತದೆಯೇ ಹೇಳಿದರು: "ಸಾರ್, ಅಕ್ಷರ ನಮ್ಮದು, ಸಂಗತಿ ನಮ್ಮದಲ್ಲ. ಮಕ್ಕಳನ್ನು ಓದಿಸಲಿ ಅಂತ ಅವರಪ್ಪ ಅಮ್ಮ ಹೇಳಿದರು, ನಾವು ಬರೆದುಕೊಂಡೆವು. ಇನ್ನೊಬ್ಬರಿಗೆ ಕೊಡಲಿ ಅಂತ ಅವರೇನೂ ಹೇಳಲಿಲ್ಲವಲ್ಲ."

ಮರುದಿನ ನಾನು ಪಟ್ಟಿಯನ್ನು ಕೊಡಲಿಲ್ಲ, ಬೀರುಗಳೂ ಬರಲಿಲ್ಲ. ಗುಮಾಸ್ತರ ಮಾತು ಮಾತ್ರ ನನ್ನಲ್ಲಿ ಉಳಿಯಿತು. ಅಕ್ಷರ ಯಾರದಾದರೂ ಆಗಲಿ, ಸಂಗತಿ ಯಾರದು? ಈ ಪ್ರಶ್ನೆ ಅಂದು ಒಂದು ಬೀರುವಿನ ಮುಂದೆ ನಿಂತ ಒಬ್ಬ ಉಪಾಧ್ಯಾಯನ ಪ್ರಶ್ನೆಯಾಗಿತ್ತು. ಇಂದು ಅದು ಲೋಕದ ಪ್ರಶ್ನೆಯಾಗಿದೆ.

ಏಕೆಂದರೆ ನಮ್ಮ ವಿಷಯಗಳನ್ನು ಬರೆದಿಟ್ಟ ಬೀರುಗಳು ಈಗ ಊರಿನ ಶಾಲೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಅಂಚೆಮನೆಯಲ್ಲಿ ಮಾತ್ರ ಇಲ್ಲ. ಅವು ನಾವು ಕಾಣದ ನಾಡುಗಳಲ್ಲಿವೆ. ಮನೆಯಲ್ಲಿ ಅಕ್ಕನೋ ಅಣ್ಣನೋ ಮೊಬೈಲಿನಲ್ಲಿ ತೆಗೆದ ಚಿತ್ರ, ಕಳುಹಿಸಿದ ಓಲೆ, ಹುಡುಕಿದ ಪದ, ಕೊಂಡ ವಸ್ತು, ಕಟ್ಟಿದ ಹಣ, ಹೋಗಿಬಂದ ದಾರಿ ಇವೆಲ್ಲವೂ ಅಲ್ಲಿ ಶೇಖರವಾಗುತ್ತವೆ. 'ಮೋಡದಲ್ಲಿ ಇಟ್ಟಿದ್ದೇವೆ' ಎಂದು ಹೇಳುವುದು ಇಂದಿನ ರೂಢಿ. ಕೇಳಲು ಸೊಗಸಾದ ಮಾತು; ಯಾರಿಗೂ ಸೇರದ ಆಕಾಶದಲ್ಲಿ ನಮ್ಮ ವಸ್ತು ತೇಲುತ್ತಿದೆಯೆಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ. ವಾಸ್ತವವಾಗಿ ಅವು ಗಣಕಯಂತ್ರಗಳನ್ನು ಸಾಲುಸಾಲಾಗಿ ತುಂಬಿದ ದೊಡ್ಡ ದೊಡ್ಡ ಕಟ್ಟಡಗಳು. ಹಗಲಿರುಳು ವಿದ್ಯುತ್ತನ್ನು ಉಣ್ಣುತ್ತವೆ. ಕಾವೇರದಂತೆ ಕಾಪಾಡಲು ಹಲವೆಡೆ ನೀರನ್ನೂ ಬೇಡುತ್ತವೆ. ನೆಲದ ಮೇಲೆಯೇ ಇವೆ. ಅವುಗಳಿಗೆ ಗೋಡೆಯಿದೆ, ಕಾವಲುಗಾರನಿದ್ದಾನೆ, ಒಡೆಯನಿದ್ದಾನೆ.

ಇಂಥ ಸಂಗತಿಗಳ ರಾಶಿಗೆ ಕನ್ನಡದಲ್ಲಿ 'ದತ್ತಾಂಶ' ಎಂಬ ಪದವನ್ನು ಬಳಸುತ್ತಿದ್ದೇವೆ. ದತ್ತ ಎಂದರೆ ಕೊಟ್ಟದ್ದು. ಇಂಗ್ಲಿಷಿನ 'ಡೇಟಾ' ಎಂಬ ಮಾತು ಲ್ಯಾಟಿನ್ ಭಾಷೆಯಿಂದ ಬಂದುದು. ಅದರ ಅರ್ಥವೂ ಕೊಟ್ಟವು ಎಂದೇ. ಎರಡು ಹಳೆಯ ಭಾಷೆಗಳು ಹೀಗೆ ಒಂದೇ ಕಡೆಗೆ ಕೈತೋರಿಸುವುದು ಸಂತೋಷದ ವಿಷಯ. ಆದರೆ ಕೊಟ್ಟವರು ಯಾರು, ಯಾವಾಗ ಕೊಟ್ಟರು ಎಂದು ಕೇಳಿದರೆ ಉತ್ತರ ಸುಲಭವಲ್ಲ. ಹೆಸರನ್ನೂ ನಂಬರನ್ನೂ ನಾವು ಕೊಟ್ಟಿರಬಹುದು. ರಾತ್ರಿ ಎಷ್ಟು ಗಂಟೆಗೆ ಫೋನನ್ನು ಕೆಳಗಿಟ್ಟೆವು, ಯಾವ ಚಿತ್ರದ ಮುಂದೆ ಎಷ್ಟು ಕ್ಷಣ ನಿಂತೆವು, ಸಂತೆಯ ದಿನ ಯಾವ ಯಾವ ಬೀದಿಗಳಲ್ಲಿ ಸುತ್ತಿದೆವು ಎಂಬುದನ್ನು ನಾವು ಯಾರಿಗೂ ಹೇಳಲಿಲ್ಲ. ಅದು ಕೊಟ್ಟದ್ದೂ ಅಲ್ಲ, ಕೊಂಡದ್ದೂ ಅಲ್ಲ, ಎತ್ತಿಕೊಂಡದ್ದು.

ಇದರಿಂದೇನು ಎನ್ನಬಹುದು. ಒಂದೊಂದನ್ನೇ ನೋಡಿದರೆ ಅವು ಚಿಂದಿಯ ಚೂರುಗಳೇ ಸರಿ. ಆದರೆ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕೌದಿ ಹೊಲಿಯುವ ತಾಯಂದಿರನ್ನು ನೀವು ನೋಡಿರಬಹುದು. ಹಳೆಯ ಸೀರೆಯ ಅಂಚು, ಹರಿದ ಅಂಗಿಯ ತೋಳು, ಯಾವ ಕೆಲಸಕ್ಕೂ ಬಾರದ ತುಂಡುಗಳನ್ನು ಸೇರಿಸಿ ಅವರು ಹೊದಿಕೆಯನ್ನು ಹೊಲಿಯುತ್ತಾರೆ. ಚೂರುಗಳನ್ನು ಹೊಂದಿಸಬಲ್ಲವನ ಕೈಯಲ್ಲಿ ನಮ್ಮ ದಿನಚರಿಯ ಚಿಂದಿಗಳೂ ಹಾಗೆಯೇ. ಮನೆಯಲ್ಲಿ ಯಾರಿಗೋ ಕಾಯಿಲೆಯಿದೆ, ಹಣದ ಮುಗ್ಗಟ್ಟಿದೆ, ಮಗ ಪರೀಕ್ಷೆಯಲ್ಲಿ ಸೋತಿದ್ದಾನೆ ಎಂಬುದನ್ನು ನೆರೆಮನೆಯವರಿಗಿಂತ ಮುಂಚೆ ಆತ ಅರಿಯುತ್ತಾನೆ. ಅರಿತು, ಆಯಾ ಹೊತ್ತಿಗೆ ತಕ್ಕ ಜಾಹೀರಾತನ್ನು ಕಣ್ಣಮುಂದೆ ಹಿಡಿಯುತ್ತಾನೆ. ನಮಗೆ ಉಚಿತವಾಗಿ ದೊರೆಯುವ ಎಷ್ಟೋ ಸೇವೆಗಳ ಖರ್ಚು ತೂಗುವುದು ಈ ವ್ಯಾಪಾರದಿಂದ.

ಈ ರಾಶಿ ಎಷ್ಟು ದೊಡ್ಡದೆಂಬುದು ಸಾಮಾನ್ಯ ಜನಕ್ಕೆ ಮೊದಲು ತಿಳಿದದ್ದು ಒಬ್ಬ ವಿದ್ಯಾರ್ಥಿಯ ಹಟದಿಂದ. ಆಸ್ಟ್ರಿಯಾ ದೇಶದ ಮ್ಯಾಕ್ಸ್ ಶ್ರೆಮ್ಸ್ ೨೦೧೧ರಲ್ಲಿ ಕಾನೂನನ್ನು ಓದುತ್ತಿದ್ದ ತರುಣ. ಯೂರೋಪಿನ ಕಾಯಿದೆಯ ಪ್ರಕಾರ, ತನ್ನ ಬಗೆಗೆ ಒಂದು ಸಂಸ್ಥೆ ಏನೇನನ್ನು ಸಂಗ್ರಹಿಸಿದೆಯೆಂದು ಕೇಳಿ ಪಡೆಯುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ಆ ಹಕ್ಕನ್ನು ಹಿಡಿದು ಅವನು ಫೇಸ್‌ಬುಕ್ ಸಂಸ್ಥೆಯನ್ನು ಕೇಳಿದ. ಬಂದ ಉತ್ತರ ೧,೨೨೨ ಪುಟಗಳಷ್ಟಿತ್ತು! ಮೂರು ವರ್ಷಗಳ ಬಳಕೆಯ ಫಲ ಅದು. ತಾನು ಅಳಿಸಿಹಾಕಿದೆನೆಂದು ತಿಳಿದಿದ್ದ ಸಂದೇಶಗಳೂ ಅದರಲ್ಲಿ ಅಳಿಯದೆ ಕುಳಿತಿದ್ದವು. ಒಬ್ಬ ಸಾಮಾನ್ಯ ವಿದ್ಯಾರ್ಥಿಯ ಮೂರು ವರ್ಷಗಳ ಬಾಳಿಗೆ ಅಷ್ಟು ದಪ್ಪದ ಗ್ರಂಥವನ್ನು ಅವನ ತಾಯಿಯೂ ಬರೆಯಲಾರಳು. ಮುಂದೆ ಅವನು ಹೂಡಿದ ವ್ಯಾಜ್ಯದ ಫಲವಾಗಿ, ಯೂರೋಪಿನವರ ಮಾಹಿತಿಯನ್ನು ಅಮೆರಿಕಕ್ಕೆ ಸಾಗಿಸಲು ಮಾಡಿಕೊಂಡಿದ್ದ ಒಪ್ಪಂದವನ್ನು ಅಲ್ಲಿನ ಉಚ್ಚ ನ್ಯಾಯಪೀಠ ೨೦೧೫ರಲ್ಲಿ ರದ್ದುಗೊಳಿಸಿತು. ಅದರ ಬದಲು ಬಂದ ಇನ್ನೊಂದು ಒಪ್ಪಂದಕ್ಕೂ ೨೦೨೦ರಲ್ಲಿ ಅದೇ ಗತಿಯಾಯಿತು.

ಇಲ್ಲಿ ಒಂದು ಮಾತನ್ನು ಹಲವರು ಎತ್ತುತ್ತಾರೆ. ನಿಮ್ಮ ಮನಸ್ಸಿನಲ್ಲಿಯೂ ಅದು ಎದ್ದಿರಬಹುದು. 'ನಾನು ಕಳ್ಳನಲ್ಲ, ಸುಳ್ಳನಲ್ಲ. ಮುಚ್ಚಿಡುವಂಥದ್ದು ನನ್ನಲ್ಲೇನಿದೆ? ನೋಡುವವರು ನೋಡಿಕೊಳ್ಳಲಿ' ಎಂಬುದು ಆ ಮಾತು. ಕೇಳಲು ಧೀರವಾಗಿದೆ. ಆದರೆ ಮರೆಯನ್ನು ಬಯಸುವವನೆಲ್ಲ ತಪ್ಪುಗಾರನೆಂಬ ತಪ್ಪು ತಿಳಿವಳಿಕೆ ಅದರೊಳಗಿದೆ. ನಮ್ಮ ಹಳೆಯ ಮನೆಗಳನ್ನು ನೆನೆಯಿರಿ. ಬೀದಿಗೆ ತೆರೆದ ಜಗಲಿಯಲ್ಲಿ ದಾರಿಹೋಕನೂ ಕುಳಿತು ದಣಿವಾರಿಸಿಕೊಳ್ಳಬಹುದಾಗಿತ್ತು. ನಡುಮನೆಗೆ ಬಂಧುಗಳು, ಗೆಳೆಯರು ಬರುತ್ತಿದ್ದರು. ಒಳಮನೆಗೆ ಮನೆಯವರೇ. ಯಾರನ್ನು ಎಲ್ಲಿಯವರೆಗೆ ಕರೆಯಬೇಕೆಂದು ನಿರ್ಣಯಿಸುತ್ತಿದ್ದವರು ಮನೆಯವರು. ಆ ಏರ್ಪಾಟಿನಲ್ಲಿ ಜಾತಿಯ ಹುಳುಕೂ ಸೇರಿಕೊಂಡಿತ್ತು. ಅದನ್ನು ನಾನು ಹೊಗಳುತ್ತಿಲ್ಲ. ಆದರೆ ಒಳಮನೆಯಿದ್ದ ಮಾತ್ರಕ್ಕೆ ಆ ಮನೆಯಲ್ಲಿ ಕಳವಿನ ಮಾಲಿದೆಯೆಂದು ಯಾರೂ ಶಂಕಿಸುತ್ತಿರಲಿಲ್ಲ. ಅಂಚೆ ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಆದರೂ ಜನ ಕಾಸು ಹೆಚ್ಚು ಕೊಟ್ಟು ಲಕೋಟೆಯನ್ನು ಕೊಳ್ಳುತ್ತಿದ್ದರು. ಲಕೋಟೆ ಕೊಂಡವರೆಲ್ಲ ಪಿತೂರಿಗಾರರಾಗಿರಲಿಲ್ಲ. ತವರಿಗೆ ಬರೆಯುವ ಮಗಳಿಗೂ ಲಕೋಟೆ ಬೇಕಾಗಿತ್ತು.

ಮುಚ್ಚಿಡಲು ಏನೂ ಇಲ್ಲದವನ ಮೇಲೆಯೂ ಕಣ್ಣಿಟ್ಟರೆ ಏನಾಗುತ್ತದೆಯೆಂಬುದಕ್ಕೆ ನಮ್ಮ ದೇಶದ ನ್ಯಾಯಾಲಯದ ಕಡತದಲ್ಲಿಯೇ ಒಂದು ದೃಷ್ಟಾಂತವಿದೆ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನ ಮೇಲೆ ೧೯೪೧ರಲ್ಲಿ ದರೋಡೆಯ ಆಪಾದನೆ ಬಂದು, ಸಾಕ್ಷ್ಯವಿಲ್ಲದೆ ಬಿಡುಗಡೆಯಾಯಿತು. ಆದರೂ ಪೋಲೀಸರು ಅವನ ಹೆಸರಿನಲ್ಲಿ ಒಂದು ಹಾಳೆಯನ್ನು ತೆರೆದರು. ರಾತ್ರಿ ಬಾಗಿಲು ಬಡಿದು ಎಬ್ಬಿಸುವುದು, ಊರು ಬಿಟ್ಟರೆ ಎಲ್ಲಿಗೆಂದು ವಿಚಾರಿಸುವುದು, ಹೋದಲ್ಲಿ ಬಂದಲ್ಲಿ ಕಾವಲು ಹಾಕುವುದು ನಡೆಯಿತು. ಆತ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ. ೧೯೬೨ರಲ್ಲಿ ಆರು ನ್ಯಾಯಾಧೀಶರ ಪೀಠ ರಾತ್ರಿ ಮನೆಗೆ ನುಗ್ಗುವುದನ್ನು ತಡೆಯಿತು. ಆದರೆ ಚಲನವಲನಗಳ ಮೇಲೆ ಕಣ್ಣಿಡುವುದನ್ನು ತಡೆಯಲಿಲ್ಲ. ಖಾಸಗಿತನವೆಂಬ ಹಕ್ಕನ್ನು ಸಂವಿಧಾನವು ಕೊಟ್ಟಿಲ್ಲವೆಂದು ಬಹುಮತದ ತೀರ್ಪು ಹೇಳಿತು. ನ್ಯಾಯಮೂರ್ತಿ ಸುಬ್ಬರಾವ್ ಅವರೂ ಅವರೊಡನೆ ಇನ್ನೊಬ್ಬ ನ್ಯಾಯಮೂರ್ತಿಗಳೂ ಇದಕ್ಕೆ ಒಪ್ಪಲಿಲ್ಲ. ಕಾಣದ ಕಣ್ಣೊಂದು ಹಿಂಬಾಲಿಸುತ್ತಿರುವಾಗ ಮನುಷ್ಯ ಸ್ವತಂತ್ರನೆನ್ನುವುದು ಹೇಗೆ ಎಂಬುದು ಅವರ ನಿಲುವಿನ ಸಾರ.

ಆ ಭಿನ್ನಮತಕ್ಕೆ ಜಯ ದೊರೆಯಲು ಐವತ್ತೈದು ವರ್ಷ ಬೇಕಾಯಿತು. ಅದನ್ನು ದೊರಕಿಸಿದವರು ನಮ್ಮ ನಾಡಿನ ಒಬ್ಬ ವಯೋವೃದ್ಧರು. ಕೆ. ಎಸ್. ಪುಟ್ಟಸ್ವಾಮಿಯವರು ೧೯೭೭ರಿಂದ ೧೯೮೬ರವರೆಗೆ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದು ನಿವೃತ್ತರಾಗಿ ಬೆಂಗಳೂರಿನಲ್ಲಿ ನೆಲೆಸಿದ್ದರು. ಆಧಾರ್ ಸಂಖ್ಯೆಗಾಗಿ ಜನರ ಬೆರಳಚ್ಚು, ಕಣ್ಣಿನ ಪಾಪೆಯ ಗುರುತುಗಳನ್ನು ಸಂಗ್ರಹಿಸುವ ಕಾರ್ಯ ಆಗ ಪ್ರಾರಂಭವಾಗಿತ್ತು. ಅದಕ್ಕೆ ಸಂಸತ್ತು ಅಂಗೀಕರಿಸಿದ ಕಾಯಿದೆಯ ಆಧಾರವಿರಲಿಲ್ಲ. ಇದನ್ನು ಪ್ರಶ್ನಿಸಿ ಅವರು ೨೦೧೨ರಲ್ಲಿ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದರು. ಅವರಿಗೆ ಆಗ ಎಂಬತ್ತಾರು ವರ್ಷ! ಮೊಮ್ಮಕ್ಕಳೊಡನೆ ಕಾಲ ಕಳೆಯುವ ವಯಸ್ಸಿನಲ್ಲಿ ಅವರು ಮೊಮ್ಮಕ್ಕಳ ಕಾಲದ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡರು. ವಿಚಾರಣೆಯ ನಡುವೆ ಸರ್ಕಾರದ ಪರವಾಗಿ ಹಳೆಯ ವಾದವೇ ಬಂದಿತು: ಖಾಸಗಿತನ ಮೂಲಭೂತ ಹಕ್ಕಲ್ಲ, ೧೯೫೪ರ ಎಂಟು ನ್ಯಾಯಾಧೀಶರ ತೀರ್ಪನ್ನೂ ೧೯೬೨ರ ತೀರ್ಪನ್ನೂ ನೋಡಿರಿ, ಎಂದು. ಎಂಟು ಮಂದಿಯ ಮಾತನ್ನು ಮೀರಬೇಕಾದರೆ ಒಂಬತ್ತು ಮಂದಿ ಕೂಡಬೇಕು. ಒಂಬತ್ತು ಮಂದಿಯೂ ಕೂಡಿದರು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿಯೂ ಒಮ್ಮತದಿಂದ, ಜೀವಿಸುವ ಹಕ್ಕಿನಲ್ಲಿಯೇ ಖಾಸಗಿತನದ ಹಕ್ಕು ಸೇರಿದೆಯೆಂದು ಸಾರಿದರು. ಆಧಾರ್ ಯೋಜನೆಯನ್ನು ನ್ಯಾಯಾಲಯ ೨೦೧೮ರಲ್ಲಿ ಬಹುಮಟ್ಟಿಗೆ ಎತ್ತಿಹಿಡಿಯಿತಾದರೂ, ಬ್ಯಾಂಕಿನ ಖಾತೆಗೂ ಮೊಬೈಲ್ ಸಂಖ್ಯೆಗೂ ಅದನ್ನು ಕಡ್ಡಾಯವಾಗಿ ಜೋಡಿಸುವುದನ್ನು ಒಪ್ಪಲಿಲ್ಲ. ಪುಟ್ಟಸ್ವಾಮಿಯವರು ೨೦೨೪ರ ಅಕ್ಟೋಬರಿನಲ್ಲಿ ತಮ್ಮ ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ಇಂದು ಕಾನೂನಿನ ಪಾಠವಾಗಿದೆ.

ಹಕ್ಕು ಸ್ಥಾಪಿತವಾಯಿತು. ಇನ್ನು ಒಡೆತನದ ಪ್ರಶ್ನೆ. ನನ್ನ ಬಗೆಗಿನ ಸಂಗತಿ ನನ್ನ ಆಸ್ತಿಯೆ? ಹೌದು ಎನ್ನುವವರು ಅನೇಕರಿದ್ದಾರೆ. ಹೊಲ ನಮ್ಮದಾದ ಹಾಗೆ ಮಾಹಿತಿಯೂ ನಮ್ಮದು; ಬೇಕಾದವನು ಮಾರಲಿ, ಬೇಡವಾದವನು ಇಟ್ಟುಕೊಳ್ಳಲಿ; ದೊಡ್ಡ ಸಂಸ್ಥೆಗಳು ಬಿಟ್ಟಿಯಾಗಿ ಒಯ್ಯುವುದರ ಬದಲು ಬೆಲೆ ಕೊಟ್ಟು ಒಯ್ಯಲಿ ಎಂದು ಅವರು ವಾದಿಸುತ್ತಾರೆ. ನ್ಯಾಯವಾಗಿ ಕಾಣುತ್ತದೆ. ನಾನೂ ಬಹಳ ದಿನ ಹೀಗೆಯೇ ತಿಳಿದಿದ್ದೆ. ಈಗ ಒಪ್ಪಲಾರೆ.

ಹೊಲಕ್ಕೆ ಬದುವಿದೆ. ನನ್ನ ಹೊಲವನ್ನು ನಾನು ಮಾರಿದರೆ ಪಕ್ಕದವನ ಹೊಲ ಅದರೊಡನೆ ಹೋಗುವುದಿಲ್ಲ. ಸಂಗತಿಗಳಿಗೆ ಅಂಥ ಬದುವಿಲ್ಲ. ಕೇಂಬ್ರಿಡ್ಜ್ ಅನಲಿಟಿಕಾ ಎಂಬ ಸಂಸ್ಥೆಯ ಹಗರಣ ೨೦೧೮ರಲ್ಲಿ ಬಯಲಾದಾಗ ಇದು ಲೋಕಕ್ಕೆ ವಿಶದವಾಯಿತು. ಫೇಸ್‌ಬುಕ್ಕಿನಲ್ಲಿ ಸ್ವಭಾವವನ್ನು ಅಳೆಯುವ ಒಂದು ಪ್ರಶ್ನಾವಳಿಯನ್ನು ಹಿಂದೆ ಹರಿಯಬಿಟ್ಟಿದ್ದರು. ಅದನ್ನು ತುಂಬಿದವರ ವಿವರಗಳಷ್ಟೇ ಅಲ್ಲದೆ ಅವರ ಗೆಳೆಯರ ವಿವರಗಳೂ ಅದರ ಮೂಲಕ ಸೋರಿದವು. ನಮ್ಮ ದೇಶದಲ್ಲಿ ಅದನ್ನು ಬಳಸಿದವರು ೩೩೫ ಮಂದಿ. ಆ ೩೩೫ ಮಂದಿಯಿಂದ ೫,೬೨,೪೫೫ ಭಾರತೀಯರ ಮಾಹಿತಿ ಸೋರಿರಬಹುದೆಂದು ಫೇಸ್‌ಬುಕ್ ಸಂಸ್ಥೆಯೇ ಲೆಕ್ಕ ಕೊಟ್ಟಿತು! ಉಳಿದ ಐದು ಲಕ್ಷಕ್ಕೂ ಹೆಚ್ಚು ಮಂದಿ ಏನನ್ನೂ ತುಂಬಿರಲಿಲ್ಲ, ಯಾವುದಕ್ಕೂ ಒಪ್ಪಿರಲಿಲ್ಲ. ಅವರು ಮಾಡಿದ ತಪ್ಪು ಗೆಳೆತನ ಒಂದೇ.

ರಕ್ತಸಂಬಂಧದ ಮಾತು ಇನ್ನೂ ಗಹನವಾದುದು. ಅಮೆರಿಕದಲ್ಲಿ ಟ್ವೆಂಟಿತ್ರೀ ಆ್ಯಂಡ್ ಮಿ ಎಂಬ ಸಂಸ್ಥೆಯಿತ್ತು. ಒಂದು ಸಣ್ಣ ಕೊಳವೆಯಲ್ಲಿ ಜೊಲ್ಲನ್ನು ತುಂಬಿ ಕಳುಹಿಸಿದರೆ, ನಮ್ಮ ಪೂರ್ವಿಕರು ಯಾವ ನಾಡಿನವರು, ಯಾವ ರೋಗದ ಸಂಭವ ನಮ್ಮಲ್ಲಿದೆ ಎಂಬುದನ್ನು ಅದು ತಿಳಿಸುತ್ತಿತ್ತು. ಸುಮಾರು ೧.೫ ಕೋಟಿ ಜನ ಹೀಗೆ ಕಳುಹಿಸಿದ್ದರು. ೨೦೨೩ರಲ್ಲಿ ಕಳ್ಳರು ಅದರ ೧೪,೦೦೦ದಷ್ಟು ಖಾತೆಗಳಿಗೆ ನುಗ್ಗಿ, ಅಲ್ಲಿಂದ ಬಂಧುಗಳನ್ನು ಹುಡುಕಿಕೊಡುವ ಏರ್ಪಾಟಿನ ದಾರಿಯಲ್ಲಿ ಸುಮಾರು ೬೯ ಲಕ್ಷ ಜನರ ವಿವರಗಳನ್ನು ದೋಚಿದರು. ೨೦೨೫ರ ಮಾರ್ಚಿಯಲ್ಲಿ ಸಂಸ್ಥೆ ದಿವಾಳಿಯಾಯಿತು. ದಿವಾಳಿಯೆದ್ದವನ ಮನೆಯಲ್ಲಿ ಮೇಜು ಕುರ್ಚಿಗಳನ್ನು ಹರಾಜು ಹಾಕುವುದುಂಟು. ಇಲ್ಲಿ ಹರಾಜಿಗೆ ಬಂದ ಮುಖ್ಯ ವಸ್ತುವೆಂದರೆ ಜನರ ವಂಶವಾಹಿಗಳ ಮಾಹಿತಿಯೇ. ಅದೇ ವರ್ಷ, ಅದರ ಸ್ಥಾಪಕರೇ ಮುಂದೆ ನಿಂತ ಇನ್ನೊಂದು ಸಂಸ್ಥೆ ೩೦.೫ ಕೋಟಿ ಡಾಲರಿಗೆ ಅದನ್ನು ಕೊಂಡಿತು. ಜೊಲ್ಲನ್ನು ಕೊಟ್ಟವನ ತಮ್ಮನನ್ನು ಯಾರೂ ಕೇಳಲಿಲ್ಲ. ಆದರೆ ಅಣ್ಣನ ರಕ್ತದ ಗುಟ್ಟಿನಲ್ಲಿ ತಮ್ಮನ ಪಾಲೂ ಇದೆ, ಇನ್ನೂ ಹುಟ್ಟದ ಮಕ್ಕಳ ಪಾಲೂ ಇದೆ. ಇದನ್ನು ಯಾವ ಒಬ್ಬನ ಆಸ್ತಿಯೆಂದು ಖಾತೆ ಮಾಡಿಕೊಡುವುದು?

ಇನ್ನೊಂದು ತೊಡಕು. ಮಾರಿದ ಎತ್ತು ಹಟ್ಟಿಯನ್ನು ಬಿಟ್ಟು ಹೋಗುತ್ತದೆ. ನಮಗೂ ಅದಕ್ಕೂ ಋಣ ಹರಿಯಿತು. ಮಾರಿದ ಸಂಗತಿ ನಮ್ಮನ್ನು ಬಿಟ್ಟು ಹೋಗುವುದಿಲ್ಲ. ಕೊಂಡವನ ಬಳಿಯೂ ಇದ್ದು ನಮ್ಮ ಬೆನ್ನಿಗೂ ಇರುತ್ತದೆ. ಮಾರಾಟವನ್ನು ನ್ಯಾಯಸಮ್ಮತಗೊಳಿಸಿದರೆ ಮೊದಲು ಮಾರುವವರು ಯಾರೆಂಬುದನ್ನು ಹೇಳಬೇಕಾಗಿಲ್ಲ. ಉಳ್ಳವರು ತಮ್ಮ ಒಳಮನೆಯನ್ನು ಉಳಿಸಿಕೊಳ್ಳುತ್ತಾರೆ. ಇಲ್ಲದವರು ಮನೆಯ ಗೋಡೆಗಳನ್ನೇ ಮಾರಿಕೊಳ್ಳುತ್ತಾರೆ.

ಹಾಗಾದರೆ ಒಡೆತನದ ಮಾತಿನ ಜಾಗದಲ್ಲಿ ಯಾವ ಮಾತನ್ನು ಇಡಬೇಕು? ಅದು ನಮ್ಮಲ್ಲಿಯೇ ಇದೆಯೆಂದು ನನ್ನ ಭಾವನೆ. ಹಿಂದೆ ಕಾಶಿಗೋ ರಾಮೇಶ್ವರಕ್ಕೋ ಹೊರಟವರು ಒಡವೆಯ ಗಂಟನ್ನು ನಂಬಿಕಸ್ಥರ ಮನೆಯಲ್ಲಿಟ್ಟು ಹೋಗುತ್ತಿದ್ದರು. ಹೀಗೆ ಇಟ್ಟದ್ದಕ್ಕೆ ನ್ಯಾಸ, ನಿಕ್ಷೇಪ ಎಂಬ ಹೆಸರುಗಳಿವೆ. ಒಳಗೇನಿದೆಯೆಂದು ತೋರಿಸದೆ, ಮುದ್ರೆಯೊತ್ತಿ ಒಪ್ಪಿಸಿದ್ದಕ್ಕೆ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಉಪನಿಧಿಯೆಂದು ಹೆಸರು. ಆ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದು ಬಸವಕಲ್ಯಾಣವೆನಿಸಿರುವ ಕಲ್ಯಾಣದಲ್ಲಿ ಇದ್ದವನು. ಆ ಗಂಟನ್ನು ರಾಜನು ಕಸಿದರೆ, ದೈವದಿಂದ ನಾಶವಾದರೆ, ಕಳ್ಳರು ಒಯ್ದರೆ ಇಟ್ಟುಕೊಂಡವನು ಹೊಣೆಯಲ್ಲವೆಂದು ಸ್ಮೃತಿ ರಿಯಾಯಿತಿ ತೋರಿಸುತ್ತದೆ. ಆದರೆ ಅವನು ಅದನ್ನು ತನ್ನಿಚ್ಛೆಯಂತೆ ಬಳಸಿ ಬದುಕಿದರೆ ಮಾತ್ರ ದಂಡ ತೆರಬೇಕು. ಗಂಟನ್ನು ಅದರಿಂದ ಬಂದ ಲಾಭದೊಡನೆ ಹಿಂತಿರುಗಿಸಬೇಕು. ಎಂಥ ಸೂಕ್ಷ್ಮ ನೋಡಿರಿ! ಕಳ್ಳತನವಾಯಿತೇ ಇಲ್ಲವೇ ಎಂಬುದಕ್ಕಿಂತ, ಇಟ್ಟುಕೊಂಡವನು ಬಳಸಿದನೇ ಎಂಬುದು ಅಲ್ಲಿ ಮುಖ್ಯವಾಯಿತು. ಇಂದು ನಾವು ಕಳ್ಳರಿಗೆ ಮಾತ್ರ ಹೆದರುತ್ತೇವೆ.

ನಮ್ಮ ಗುಮಾಸ್ತರು ಮಿತಾಕ್ಷರೆಯನ್ನು ಓದಿದವರಲ್ಲ. ಆದರೆ ಅವರು ಅಂದು ಹೇಳಿದ್ದು ಇದನ್ನೇ. ೨೦೨೩ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಈ ದಾರಿಯನ್ನೇ ಹಿಡಿದಿದೆಯೆಂಬುದು ಸಂತೋಷದ ಸಂಗತಿ. ಅದು ಯಾರನ್ನೂ ಮಾಹಿತಿಯ ಮಾಲೀಕನೆಂದು ಕರೆಯುವುದಿಲ್ಲ. ಮಾಹಿತಿಯನ್ನು ಪಡೆದ ಸಂಸ್ಥೆಗೆ ಅದು ಕೊಟ್ಟಿರುವ ಹೆಸರು 'ಫಿಡ್ಯೂಷಿಯರಿ'. ಲ್ಯಾಟಿನ್ನಿನಲ್ಲಿ ಫಿಡೆಸ್ ಎಂದರೆ ನಂಬಿಕೆ. ಆದ್ದರಿಂದ ನಂಬಿಕೆಯ ಮೇಲೆ ಪಡೆದವನು ಎಂದು ಅರ್ಥ. ಯಾವ ಉದ್ದೇಶಕ್ಕೆ ಪಡೆದನೋ ಅದಕ್ಕೆ ಮಾತ್ರ ಅವನು ಬಳಸಬೇಕು. ಏನನ್ನು ಇಟ್ಟುಕೊಂಡಿದ್ದಾನೆಂದು ಕೇಳುವ, ತಪ್ಪಿದ್ದರೆ ತಿದ್ದಿಸುವ, ಕೆಲಸ ಮುಗಿದ ಮೇಲೆ ಅಳಿಸುವಂತೆ ಹೇಳುವ ಹಕ್ಕುಗಳು ನಮಗೆ ಉಂಟು. ಕಾವಲು ಸಡಿಲಿಸಿದ ಸಂಸ್ಥೆಗೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡವಿದೆ. ನಿಮ್ಮಂಥವರ ವಿಷಯದಲ್ಲಿ ಕಾಯಿದೆ ಇನ್ನೂ ಎಚ್ಚರ ವಹಿಸಿದೆ. ಹದಿನೆಂಟು ವರ್ಷ ತುಂಬದವರ ಮಾಹಿತಿಯನ್ನು ಪಡೆಯಲು ತಂದೆತಾಯಿಗಳ ಒಪ್ಪಿಗೆ ಬೇಕು. ಮಕ್ಕಳ ಹಿಂದೆ ಬಿದ್ದು ಅವರ ನಡತೆಯನ್ನು ಅಳೆಯುವುದೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದೂ ಸಾಮಾನ್ಯವಾಗಿ ನಿಷಿದ್ಧ. ಇದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದುವು. ಮುಖ್ಯ ನಿಯಮಗಳ ಜಾರಿಗೆ ಅಲ್ಲಿಂದ ಹದಿನೆಂಟು ತಿಂಗಳ ಗಡುವನ್ನು ಇಟ್ಟಿದ್ದಾರೆ.

ಕಾಯಿದೆಯಲ್ಲಿ ನನಗೆ ಒಪ್ಪಿಗೆಯಾಗದ ಭಾಗವೂ ಇದೆ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮೊದಲಾದ ಕಾರಣಗಳಿಗಾಗಿ ಕೇಂದ್ರ ಸರ್ಕಾರವು ತನ್ನ ಯಾವುದೇ ಅಂಗಸಂಸ್ಥೆಯನ್ನು ಈ ಕಟ್ಟಳೆಗಳಿಂದ ಹೊರಗಿಡಬಹುದು. ಭದ್ರತೆ ಬೇಕು, ನಿಜ. ಆದರೆ ಎಲ್ಲರಿಗಿಂತ ದೊಡ್ಡ ಬೀರುವಿನ ಬೀಗದ ಕೈ ಇರುವುದು ಸರ್ಕಾರದ ಬಳಿ. ಅದಕ್ಕೇ ವಿನಾಯಿತಿಯಾದರೆ, ಖರಕ್ ಸಿಂಗನ ಬಾಗಿಲನ್ನು ಬಡಿದವರು ಯಾರೆಂಬುದನ್ನು ನಾವು ಮರೆತಂತಾಯಿತು.

ಒಪ್ಪಿಗೆಯೆಂಬ ಮಾತನ್ನೂ ಸ್ವಲ್ಪ ನೋಡಬೇಕು. ಹೊಸ ಆ್ಯಪ್ ಒಂದನ್ನು ತೆರೆದರೆ ಹತ್ತಾರು ಪುಟಗಳ ಷರತ್ತು, ಕೊನೆಯಲ್ಲಿ 'ಒಪ್ಪಿದ್ದೇನೆ' ಎಂಬ ಗುಂಡಿ. ಓದುವವರು ಯಾರು? ಸಾಹುಕಾರನು ಬರೆದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ರೈತರ ಕತೆಗಳನ್ನು ಹೇಳಿ, ಅಕ್ಷರ ಕಲಿತರೆ ಈ ಗತಿ ಬರುವುದಿಲ್ಲವೆಂದು ಮಕ್ಕಳಿಗೆ ಬೋಧಿಸಿದವನು ನಾನು. ಎಂ.ಎ. ಓದ್ದಿದ್ದೇನೆ, ದಿನವೂ ಅದೇ ಹೆಬ್ಬೆಟ್ಟನ್ನು ಗಾಜಿನ ಮೇಲೆ ಒತ್ತುತ್ತೇನೆ. ಓದಲಾಗದಂತೆ ಬರೆದ ಪತ್ರಕ್ಕೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲವೆಂದು ಹೇಳುವ ಧೈರ್ಯ ನಮ್ಮ ಹೊಸ ಕಾಯಿದೆಗೆ ಇದೆಯೇ ಎಂಬುದನ್ನು ಅದರ ಜಾರಿಯೇ ತೋರಿಸಬೇಕು. ಷರತ್ತನ್ನು ಸರಳವಾದ ಮಾತಿನಲ್ಲಿ, ಕೇಳಿದವರಿಗೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಭಾಷೆಗಳಲ್ಲಿಯೂ ಕೊಡಬೇಕೆಂದು ಅದು ವಿಧಿಸಿದೆ. ಕನ್ನಡದಲ್ಲಿಯೂ ಕೇಳಬಹುದು. ಕೇಳುವವರು ಬೇಕು.

ಇಷ್ಟೆಲ್ಲ ದೊಡ್ಡ ಸಂಸ್ಥೆಗಳ, ಸರ್ಕಾರಗಳ ಮಾತಾಯಿತು. ನನ್ನ ಮಾತನ್ನೂ ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಸುವರ್ಣ ಮಹೋತ್ಸವ ನಡೆಯಿತು. ನಿವೃತ್ತನಾಗಿದ್ದ ನನ್ನನ್ನು ಕರೆಸಿದ್ದರು. ಕಚೇರಿಯ ಬೀರುವಿನಲ್ಲಿ ಹಳೆಯ ದಾಖಲಾತಿ ವಹಿ ಕಣ್ಣಿಗೆ ಬಿತ್ತು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಒಂದು ಜೂನ್ ತಿಂಗಳಿಡೀ ಅದರಲ್ಲಿ ಬರೆದವನು ನಾನೇ. ನೀಲಿ ಮಸಿ ಇನ್ನೂ ಮಾಸಿರಲಿಲ್ಲ, ಅಕ್ಷರಗಳು ದುಂಡಗಿದ್ದವು. ಹೆಮ್ಮೆಯೆನಿಸಿತು. ಒಂದು ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿದೆ. ಇನ್ನೂರಕ್ಕೂ ಹೆಚ್ಚು ಮಂದಿಯಿರುವ ಗುಂಪು ಅದು. 'ನಿಮ್ಮ ಹೆಸರು ಇದೆಯೇ ಹುಡುಕಿರಿ' ಎಂದು ವಿನೋದಕ್ಕಾಗಿ ಬರೆದೆ. ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿ ಬಂದವು.

ಆ ರಾತ್ರಿ ಒಬ್ಬ ಶಿಷ್ಯನ ಕರೆ ಬಂದಿತು. ಈಗ ದೊಡ್ಡ ಹುದ್ದೆಯಲ್ಲಿರುವವನು. (ಇದನ್ನು ಬರೆಯಲು ಅವನ ಅನುಮತಿಯನ್ನು ಪಡೆದಿದ್ದೇನೆ; ಗುರುತು ಸಿಗದಂತೆ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.) ಅವನ ಸಾಲಿನಲ್ಲಿ ತಂದೆಯ ಹೆಸರಿರಬೇಕಾದ ಜಾಗದಲ್ಲಿ ಒಂದು ಅಡ್ಡಗೆರೆಯಿತ್ತು, ಪೋಷಕರ ಜಾಗದಲ್ಲಿ ಅನಾಥಾಲಯವೊಂದರ ಮೇಲ್ವಿಚಾರಕರ ಹೆಸರಿತ್ತು. ನಾನೇ ಬರೆದ ದುಂಡನೆಯ ಅಕ್ಷರಗಳು.

"ಸಾರ್, ನನಗೆ ಅದರಲ್ಲಿ ನಾಚಿಕೆಯೇನೂ ಇಲ್ಲ" ಎಂದ. "ನನ್ನ ಹೆಂಡತಿಗೆ ಗೊತ್ತು. ಮಗಳಿಗೆ ಇನ್ನೂ ಹನ್ನೆರಡು ವರ್ಷ. ಅವಳಿಗೆ ತಿಳಿಯುವ ವಯಸ್ಸು ಬಂದಾಗ, ಪಕ್ಕದಲ್ಲಿ ಕೂರಿಸಿಕೊಂಡು, ನಾನೇ ನನ್ನ ಬಾಯಲ್ಲಿ ಹೇಳಬೇಕು ಅಂತ ಇದ್ದೆ. ಸಂಜೆ ಅವಳ ಗೆಳತಿ ಫೋನ್ ಮಾಡಿ ಕೇಳಿದಳಂತೆ. ಆ ಹುಡುಗಿಯ ತಂದೆಯೂ ನಮ್ಮ ಗುಂಪಿನಲ್ಲಿದ್ದಾರೆ."

ಅವನು ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಕ್ಷಮೆ ಬೇಡಿದೆ. ಚಿತ್ರವನ್ನು ಕೂಡಲೇ ಅಳಿಸಿದೆ. ಅಷ್ಟರಲ್ಲಿ ಅದು ಎಷ್ಟು ಫೋನುಗಳಲ್ಲಿ ಇಳಿದಿತ್ತೋ, ಎಷ್ಟು ಗುಂಪುಗಳಿಗೆ ಹೋಗಿತ್ತೋ ತಿಳಿಯದು. ಗ್ರಂಥಾಲಯದ ಬೀರುಗಳಿಗೂ ಮಾರದೆ ಹನ್ನೊಂದು ವರ್ಷ ಕಾಪಾಡಿದ ವಹಿಯ ಒಂದು ಪುಟವನ್ನು, ನನ್ನ ಅಕ್ಷರ ಚೆನ್ನಾಗಿದೆಯೆಂಬ ಕಾರಣಕ್ಕೆ ನಾನು ಬೀದಿಗೆ ಕೊಟ್ಟಿದ್ದೆ.

ಮರುವಾರ ಶಾಲೆಗೆ ಹೋಗಿ ಈಗಿನ ಮುಖ್ಯೋಪಾಧ್ಯಾಯರಿಗೆ ನಡೆದುದನ್ನೆಲ್ಲ ತಿಳಿಸಿದೆ. ಅವರು ವಯಸ್ಸಿನಲ್ಲಿ ನನಗಿಂತ ಬಹಳ ಕಿರಿಯರು. ಏನೂ ಹೇಳದೆ ಎದ್ದುಹೋಗಿ ಬೀರುವಿಗೆ ಬೀಗ ಹಾಕಿದೆಯೇ ಎಂದು ಎಳೆದು ನೋಡಿ ಬಂದರು.